ವಿಮಾನ ಬೀಳೂದಿಲ್ಲೇನ್ರಪಾ?

ಆಡಿಟ್ ಅಂದ ಕೂಡಲೇ ನಮಗೆ ನೆನಪಾಗೋದು ಸುಣ್ಣದ ವಾಸನೆ. ನಾವು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಗೆ ತಪಾಸಣೆಗೆ ಸಾಹೇಬರು ಬರ್ತಾರೆ ಅಂದ್ರೆ ಒಂದು ವಾರ ಮೊದಲೇ ಗೋಡೆಗೆ ಸುಣ್ಣ ಬೀಳ್ತಿತ್ತು. ವರ್ಷವಿಡೀ ಸಿಗದ ಲ್ಯಾಬ್ ಕಪಾಟಿನ ಕೀಲಿ ಅವತ್ತು ಸಿಗ್ತಿತ್ತು. ಬೆಂಕಿ ಆರಿಸೋ ಕೆಂಪು ಸಿಲಿಂಡರಿಗೆ ಹೊಸ ಚೀಟಿ ಅಂಟಿಸ್ತಿದ್ರು, ಒಳಗೆ ಏನಿತ್ತೋ ದೇವರಿಗೇ ಗೊತ್ತು. ಸಾಹೇಬರು ಬಂದು, ಚಹಾ ಕುಡಿದು, ಸಹಿ ಮಾಡಿ ಹೋದ ಮೇಲೆ ಕೀಲಿ ಮತ್ತೆ ಮಾಯ. ಹಂಗಾಗಿ ಈ ಸಲದ ಟೆಕ್ನಿಕಲ್ ಸೆಮಿನಾರ್ ಪಟ್ಟಿಯಲ್ಲಿ ನಮ್ಮ ಗುಂಪಿಗೆ ‘ವಿಮಾನಯಾನ ಸುರಕ್ಷತೆ ಮತ್ತು ಆಡಿಟ್’ ಅಂತ ಬಂದಾಗ ನಮಗೇನೂ ಖುಷಿ ಆಗಲಿಲ್ಲ. ಪಕ್ಕದ ಗುಂಪಿಗೆ ಡ್ರೋನ್ ಬಂದಿತ್ತು.

ನಾವು ಅಂದ್ರೆ ಸಂಶಿಯಿಂದ ಹುಬ್ಬಳ್ಳಿಗೆ ದಿನಾ ಟ್ರೇನಿನಲ್ಲಿ ಓಡಾಡೋ ನಾಲ್ಕು ಮಂದಿ. ಕುಂದಗೋಳ ದಾಟೋ ತನಕ ಸೀಟು ಹುಡುಕೋದು, ಆಮೇಲೆ ಓದೋದು, ಇದು ನಮ್ಮ ಪದ್ಧತಿ. ಈ ಲೇಖನದಲ್ಲಿರೋ ಬಹಳಷ್ಟನ್ನ ನಾವು ಓದಿದ್ದು ಆ ಟ್ರೇನಿನಲ್ಲೇ, ಫೋನಿನಲ್ಲಿ ಪಿಡಿಎಫ್ ತೆಗೆದು, ಒಬ್ಬ ಓದೋದು ಮೂವರು ಕೇಳೋದು. ಇನ್ನೊಂದು ಮಾತು. ಆಡಿಟ್‌ಗೆ ಕನ್ನಡದಲ್ಲಿ ‘ಲೆಕ್ಕಪರಿಶೋಧನೆ’ ಅಂತ ಶಬ್ದ ಐತಿ, ಆದರೆ ಇಲ್ಲಿ ರೊಕ್ಕದ ಲೆಕ್ಕ ಇಲ್ಲ. ನಮ್ಮ ಕಡೆ ‘ತಪಾಸಣೆ’ ಅಂದ್ರೆ ಎಲ್ಲರಿಗೂ ತಿಳೀತದ. ಅದನ್ನೇ ಬಳಸ್ತೀವಿ.

ಸೆಮಿನಾರ್ ಮುಗಿಸಿ ಮಾರ್ಕ್ಸ್ ತಗೊಂಡು ಮರೆತುಬಿಡಬಹುದಿತ್ತು. ಹಂಗಾಗಲಿಲ್ಲ, ಯಾಕಂದ್ರೆ ನಡುವೆ ಕಾಕೂ ಬಂದ್ರು. ನಮ್ಮಲ್ಲೊಬ್ಬನ ಅವ್ವ, ನಮಗೆಲ್ಲ ಕಾಕೂನೇ. ಅವರ ಮಗಳು ದುಬೈನಲ್ಲಿ ಇದ್ದಾಳೆ, ದಿನ ತುಂಬಿದ್ವು, ಬಾಣಂತನಕ್ಕೆ ಇವರು ಹೋಗಬೇಕು. ಅಳಿಯನ ಪರಿಚಯದ ಒಂದು ಕುಟುಂಬ ಮಂಗಳೂರಿನಿಂದ ಹೊರಟಿತ್ತು, ಮೊದಲ ಸಲ ವಿಮಾನ ಹತ್ತೋರಿಗೆ ಜೊತೆ ಆಗ್ತದ ಅಂತ ಅದೇ ವಿಮಾನಕ್ಕೆ ಟಿಕೆಟ್ ಮಾಡಿದ್ರು. ಕಾಕೂ ಒಪ್ಪಲಿಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು, ಒಳಗಿದ್ದ 242 ಜನರಲ್ಲಿ ಒಬ್ಬರೇ ಬದುಕಿದ್ದನ್ನ ಅವರು ಟಿವಿಯಲ್ಲಿ ವಾರಗಟ್ಟಲೆ ನೋಡಿದ್ರು. ಅದರ ಮೇಲೆ ಊರಲ್ಲಿ ಯಾರೋ ಮಂಗಳೂರಿನ ಹಳೇ ಕತಿ ಹೇಳಿಬಿಟ್ಟಿದ್ರು.

“ನೀವು ಇದನ್ನ ಓದಾಕತ್ತೀರಂತಲ್ಲ,” ಅಂದ್ರು. “ವಿಮಾನ ಬೀಳೂದಿಲ್ಲೇನ್ರಪಾ?”

ನಾವು ತಪಾಸಣೆ, ನಿಯಮ, ಅದು ಇದು ಅಂತ ಹೇಳಾಕ ಹೋದ್ವಿ. ಕಾಕೂ ಪೂರ್ತಿ ಕೇಳಿ, “ಇಷ್ಟು ತಪಾಸಣಿ ಮಾಡತಾರಂದ್ರ ಮತ್ಯಾಕ ಬೀಳತಾವು?” ಅಂದ್ರು.

ಇದಕ್ಕಿಂತ ಚಲೋ ಪ್ರಶ್ನೆ ನಮ್ಮ ಸೆಮಿನಾರಿನಲ್ಲೂ ಬರಲಿಲ್ಲ. ಉತ್ತರ ಹುಡುಕಾಕ ಮಂಗಳೂರಿನಿಂದಲೇ ಶುರು ಮಾಡಬೇಕಾಯ್ತು.

2010ರ ಮೇ 22, ಬೆಳಿಗ್ಗೆ ಆರರ ಸುಮಾರು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ಬೋಯಿಂಗ್ 737-800. ಒಳಗೆ 166 ಜನ. ಬಜ್ಪೆಯ ರನ್‌ವೇ ಗುಡ್ಡ ಕಡಿದು ಮಾಡಿದ್ದು, ತುದಿ ದಾಟಿದ್ರೆ ಕಣಿವೆ. ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರೀತು. 158 ಮಂದಿ ಸತ್ರು, ಎಂಟು ಮಂದಿ ಉಳಿದ್ರು.

ಇಷ್ಟು ಎಲ್ಲರಿಗೂ ಗೊತ್ತು. ನಾವೂ ‘ಗುಡ್ಡದ ಮೇಲಿನ ರನ್‌ವೇ, ಅದಕ್ಕೇ ಬಿತ್ತು’ ಅಂತಲೇ ತಿಳಿದಿದ್ವಿ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ವರದಿ ಓದಿದಾಗ ಬೇರೇನೇ ಕಾಣಿಸ್ತು. ರನ್‌ವೇ 8,000 ಅಡಿಗಿಂತ ಸ್ವಲ್ಪ ಹೆಚ್ಚೇ ಇತ್ತು, ಆ ವಿಮಾನಕ್ಕೆ ಸಾಕಾಗುವಷ್ಟು. ಆದರೆ ಚಕ್ರ ನೆಲ ಮುಟ್ಟಿದ್ದು ಅಂದಾಜು 5,200 ಅಡಿ ಕಳೆದ ಮೇಲೆ. ಉಳಿದದ್ದು 2,800 ಅಡಿ ಚಿಲ್ಲರೆ.

ಅಷ್ಟು ದೂರ ಯಾಕೆ ಹೋಯ್ತು ಅಂದ್ರೆ ವಿಮಾನ ಇಳಿಯಾಕ ಶುರು ಮಾಡಿದ್ದೇ ತಡ, ಹಂಗಾಗಿ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ತಡ ಆಗಾಕ ಒಂದು ಕಾರಣ, ಮಂಗಳೂರಿನ ರಾಡಾರ್ ಆ ದಿನಗಳಲ್ಲಿ ಕೆಟ್ಟು ಕೂತಿತ್ತು. ಇನ್ನೊಂದು ಕಾರಣ ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಸಿಕ್ತು. ಎರಡು ತಾಸಿನ ಆ ಮುದ್ರಣದಲ್ಲಿ ಒಂದೂವರೆ ತಾಸಿಗಿಂತ ಹೆಚ್ಚು ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ರು. ಗೊರಕೆ ಕೇಳಿಸ್ತದಂತ. ಇಳಿಯೋ ಹೊತ್ತಿಗೆ ಎದ್ದವರು ಗಡಬಡಿಸಿ ವಿಮಾನವನ್ನ ಕೆಳಗೆ ದೂಡಿದ್ರು. ಯಂತ್ರ ಎಚ್ಚರಿಕೆ ಕೂಗ್ತಾನೇ ಇತ್ತು.

ಮತ್ತೆ ಪಕ್ಕದಲ್ಲಿದ್ದ ಸಹಪೈಲಟ್ ಹೇಳಿದ್ರು. ‘ಗೋ ಅರೌಂಡ್’ ಅಂತ ಮೂರು ಸಲ. ಅಂದ್ರೆ ಇಳಿಸೋದು ಬ್ಯಾಡ, ಎತ್ತಿ ಒಂದು ಸುತ್ತು ಹಾಕಿ ಬರೋಣ ಅಂತ. ವಿಮಾನಯಾನದಲ್ಲಿ ಇದೇನೂ ದೊಡ್ಡ ಸಂಗತಿ ಅಲ್ಲ, ದಿನಾ ಎಲ್ಲೋ ಒಂದು ಕಡೆ ಮಾಡ್ತಾನೇ ಇರ್ತಾರೆ. ಹತ್ತು ಹದಿನೈದು ನಿಮಿಷ, ಸ್ವಲ್ಪ ಇಂಧನ ಖರ್ಚು, ಅಷ್ಟೇ. ಆ ಪರಿಸ್ಥಿತಿಯಲ್ಲಿ ಕಂಟ್ರೋಲ್ ತಾನೇ ತಗೊಂಡು ವಿಮಾನ ಎತ್ತಬಹುದು ಅಂತ ಕೂಡ ಇತ್ತು. ಅವರು ಹೇಳಿದ್ರು, ತಗೊಳ್ಳಲಿಲ್ಲ. ನೆಲ ಮುಟ್ಟಿದ ಮೇಲೆ ರನ್‌ವೇ ಉಳಿದಿಲ್ಲ ಅಂತಾನೂ ಹೇಳಿದ್ರು. ಆಗ ಕ್ಯಾಪ್ಟನ್ ಬ್ರೇಕ್ ಹಾಕೋದು ಬಿಟ್ಟು ಮತ್ತೆ ಮೇಲೇಳಾಕ ನೋಡಿದ್ರು.

ಇದನ್ನ ಟ್ರೇನಿನಲ್ಲಿ ಓದಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಂಶಿಯಲ್ಲಿ ಬೆಳೆದ ನಮಗೆ ಆ ಸಹಪೈಲಟ್ ಅಪರಿಚಿತ ಅನ್ನಿಸಲಿಲ್ಲ. ಹಿರೇರು ಟ್ರ್ಯಾಕ್ಟರ್ ಹೊಡೀತಿರಬೇಕಾದ್ರೆ “ಕಾಕಾ, ನಿದ್ದಿ ಬಂದೈತಿ ನಿಮಗ, ಇಳೀರಿ” ಅಂತ ಹೇಳಿ ಸ್ಟೇರಿಂಗ್ ಕಸಗೊಂಡೋನು ನಮ್ಮೂರಲ್ಲಿ ಯಾರಾದರೂ ಇದ್ರೆ ತೋರಿಸ್ರಿ. ಒಂದು ಸಲ ಹೇಳ್ತೀವಿ, ಎರಡನೇ ಸಲ ಸಣ್ಣ ದನಿಯಲ್ಲಿ ಹೇಳ್ತೀವಿ, ಆಮೇಲೆ ಕಂಬಿ ಹಿಡಕೊಂಡು ಕೂಡ್ತೀವಿ.

ಇದಕ್ಕೆ ತಪಾಸಣೆ ಏನು ಮಾಡ್ತದ ಅಂತ ಕೇಳಬಹುದು. ನಾವೂ ಕೇಳಿದ್ವಿ. ಅದಕ್ಕೆ ಬರೋ ಮೊದಲು ಇನ್ನೊಂದು ಘಟನೆ ಹೇಳಬೇಕು, ಅಮೆರಿಕದ್ದು. ವಿಷಯದ ಬೇರು ಇರೋದು ಅಲ್ಲಿ.

1974ರ ಡಿಸೆಂಬರ್ 1ರಂದು ಟಿಡಬ್ಲ್ಯೂಎ ಕಂಪನಿಯ 514ನೇ ವಿಮಾನ ವಾಷಿಂಗ್ಟನ್ ಹತ್ತಿರದ ಡಲ್ಲಸ್ ನಿಲ್ದಾಣಕ್ಕೆ ಇಳಿಯಾಕ ಬರ್ತಾ ಗುಡ್ಡಕ್ಕೆ ಬಡೀತು. 92 ಮಂದಿ, ಒಬ್ಬರೂ ಉಳೀಲಿಲ್ಲ. ಕಂಟ್ರೋಲರ್ ‘ಇಳಿಯಬಹುದು’ ಅಂತ ಒಪ್ಪಿಗೆ ಕೊಟ್ಟಾಗ ಎಷ್ಟು ಕೆಳಗೆ ಇಳಿಯಬಹುದು ಅನ್ನೋದನ್ನ ಪೈಲಟ್‌ಗಳು ಒಂದು ರೀತಿ, ಕಂಟ್ರೋಲರ್‌ಗಳು ಇನ್ನೊಂದು ರೀತಿ ತಿಳಕೊಂಡಿದ್ರು. ತನಿಖೆಯಲ್ಲಿ ಹೊರಗೆ ಬಂದದ್ದು ಇದು: ಆರು ವಾರ ಮೊದಲು ಯುನೈಟೆಡ್ ಕಂಪನಿಯ ವಿಮಾನವೊಂದು ಅದೇ ಗುಡ್ಡಕ್ಕೆ, ಅದೇ ಗೊಂದಲದಿಂದ, ಇನ್ನೇನು ಬಡೀಬೇಕು ಅನ್ನೋದರಲ್ಲಿ ತಪ್ಪಿಸಿಕೊಂಡಿತ್ತು. ಯುನೈಟೆಡ್‌ನವರು ಅದನ್ನ ಮುಚ್ಚಿಡಲಿಲ್ಲ. ತಮ್ಮ ಪೈಲಟ್‌ಗಳಿಗೆಲ್ಲ ತಿಳಿಸಿದ್ರು. ತಮ್ಮ ಪೈಲಟ್‌ಗಳಿಗೆ ಮಾತ್ರ.

ಮಳೆಗಾಲದಲ್ಲಿ ನಮ್ಮ ಕಡೆ ಎರಿ ಭೂಮಿ ರಸ್ತೆ ಹೆಂಗಿರ್ತದ ಅಂತ ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಂಗಳೂರು ಕಡೆಯ ಗೆಳೆಯರಿಗೆ ಹೇಳ್ತೀವಿ: ಕರಿ ಮಣ್ಣು ತೊಯ್ದರೆ ಸಾಬೂನು. ರಸ್ತೆ ಬದಿ ಎಲ್ಲಿ ಕುಸಿದೈತಿ, ಸಿಡಿ ಎಲ್ಲಿ ಕಿತ್ತು ಹೋಗೈತಿ, ರಾತ್ರಿ ಗೊತ್ತಾಗೋದೇ ಇಲ್ಲ. ಅಲ್ಲಿ ಮೊದಲು ಜಾರಿದವನು ಒಂದು ಕೆಲಸ ಮಾಡ್ತಾನೆ. ಬೈಕ್ ಎತ್ತಿ ನಿಲ್ಲಿಸಿ, ಮೈಗೆ ಹತ್ತಿದ ರಾಡಿ ಒರೆಸಿಕೊಂಡು, ಬದುವಿನಿಂದ ಒಂದು ಜಾಲಿ ಕಂಟಿ ಎಳಕೊಂಡು ಬಂದು ತಗ್ಗಿನ ಮುಂದೆ ಇಟ್ಟು ಹೋಗ್ತಾನೆ. ಯಾರಿಟ್ಟರು ಅಂತ ಹೆಸರಿಲ್ಲ. ಹಿಂದೆ ಬರೋನು ತನ್ನವನೋ ಎದುರು ಪಾರ್ಟಿಯವನೋ ಅಂತ ನೋಡೋದಿಲ್ಲ. ಯುನೈಟೆಡ್‌ನವರು ಮಾಡಿದ್ದು ಹೆಂಗಂದ್ರೆ, ಮನೆಗೆ ಹೋಗಿ “ಹಳ್ಳದ ಹತ್ರ ಹುಷಾರು” ಅಂತ ಮನಿಮಂದಿಗೆ ಮಾತ್ರ ಹೇಳಿ ಮಲಗಿದಂಗೆ.

ಆ 92 ಜನ ಸತ್ತ ಮೇಲೆ, 1976ರಲ್ಲಿ ಅಮೆರಿಕದಲ್ಲಿ ಒಂದು ವ್ಯವಸ್ಥೆ ಮಾಡಿದ್ರು. ಪೈಲಟ್, ಕಂಟ್ರೋಲರ್, ಯಾರೇ ಇರಲಿ, ‘ಇವತ್ತು ಹಿಂಗಾಯ್ತು, ಸ್ವಲ್ಪದರಲ್ಲಿ ಉಳಿದ್ವಿ’ ಅಂತ ಬರೆದು ಕಳಿಸಬಹುದು. ಕಳಿಸೋದು ಲೈಸೆನ್ಸ್ ಕಿತ್ತುಕೊಳ್ಳೋ ಇಲಾಖೆಗೆ ಅಲ್ಲ, ನಾಸಾಕ್ಕೆ. ಅವರು ಹೆಸರು, ಕಂಪನಿ ಎಲ್ಲ ಅಳಿಸಿ, ವಿಷಯ ಮಾತ್ರ ಎಲ್ಲರ ಮುಂದೆ ಇಡ್ತಾರೆ. ನಾಸಾ ಅಂದ್ರೆ ರಾಕೆಟ್ ಅಂತ ತಿಳಿದಿದ್ದ ನಮಗೆ ಇದು ಆಶ್ಚರ್ಯ. ಸರ್ಕಾರಿ ಜಾಲಿ ಕಂಟಿ ಅನ್ನಬಹುದು.

ಕಂಪನಿ ಕಂಪನಿಗಳ ನಡುವಿನ ತಪಾಸಣೆ ಇದೇ ದಾರಿಯ ಮುಂದಿನ ಹೆಜ್ಜೆ. ಒಂದು ಕಂಪನಿ ಇನ್ನೊಂದರ ವಿಮಾನದಲ್ಲಿ ತನ್ನ ಹೆಸರಿನ ಟಿಕೆಟ್ ಮಾರ್ತದಲ್ಲ, ಅದಕ್ಕೆ ಕೋಡ್‌ಶೇರ್ ಅಂತಾರೆ. ಮಾರೋ ಮೊದಲು ‘ಇವರು ನೆಟ್ಟಗೆ ಹಾರಿಸ್ತಾರೋ ಇಲ್ಲೋ’ ಅಂತ ನೋಡಬೇಕು. ಹಿಂಗಾಗಿ ಒಂದೇ ಕಂಪನಿಗೆ ಹತ್ತು ಕಡೆಯಿಂದ ತಪಾಸಣೆಯವರು, ಹತ್ತು ಥರದ ಪ್ರಶ್ನೆ. 2003ರಲ್ಲಿ ವಿಮಾನ ಕಂಪನಿಗಳ ಜಾಗತಿಕ ಸಂಘ ಐಯಾಟಾ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಮಾಡ್ತು. ಅದರ ಹೆಸರು ಐಓಎಸ್ಎ, ಬಾಯಲ್ಲಿ ಐಯೋಸಾ. ನಮ್ಮ ವಿಟಿಯು ಎಕ್ಸ್‌ಟರ್ನಲ್ ಇದ್ದಂಗೆ, ಹೊರಗಿನವರೇ ಬಂದು ನೋಡ್ತಾರೆ. ಎರಡು ವರ್ಷಕ್ಕೊಮ್ಮೆ ಮತ್ತೆ ಬರಬೇಕು. ಸಿಕ್ಕ ತಪ್ಪು ಸರಿ ಮಾಡೋ ತನಕ ಪಟ್ಟಿಯಲ್ಲಿ ಹೆಸರಿಲ್ಲ. ಐಯಾಟಾ ಸದಸ್ಯರಾಗಬೇಕಂದ್ರೆ ಇದು ಶರತ್ತು. ಒಬ್ಬರು ಮಾಡಿದ ತಪಾಸಣೆಯ ವರದಿ, ಒಪ್ಪಿಗೆ ಪಡೆದು, ಉಳಿದ ಕಂಪನಿಗಳೂ ನೋಡಬಹುದು. ನಿನ್ನೆ ಟಿಕೆಟ್ ರೇಟಿಗೆ ಕಿತ್ತಾಡಿದವರು ಇವತ್ತು ಒಬ್ಬರ ಲೋಪ ಒಬ್ಬರು ಓದ್ತಾರೆ.

ಅದರಲ್ಲಿ ನಮಗೆ ಹಿಡಿಸಿದ ಒಂದು ಸಂಗತಿ ಐತಿ. ಪ್ರತಿ ನಿಯಮಕ್ಕೂ ತಪಾಸಕರು ಎರಡು ನೋಡ್ತಾರೆ: ಇದನ್ನ ಬರೆದಿಟ್ಟೀರಾ, ಬರೆದಂಗೆ ಮಾಡ್ತೀರಾ. ಎರಡಕ್ಕೂ ಹೌದು ಅಂತ ಆಗಬೇಕು. ಕೈಪಿಡಿ ನೋಡಿ ಟಿಕ್ ಹಾಕಿ ಎದ್ದು ಬರಂಗಿಲ್ಲ, ಹ್ಯಾಂಗರ್‌ಗೆ ಹೋಗಬೇಕು, ಕಾಕ್‌ಪಿಟ್ಟಿನಲ್ಲಿ ಹಿಂದೆ ಕೂತು ನೋಡಬೇಕು. ನಮ್ಮ ಶಾಲೆಗೆ ಬರ್ತಿದ್ದ ಸಾಹೇಬರು ಒಂದು ಸಲ ಆ ಕೆಂಪು ಸಿಲಿಂಡರಿನ ಪಿನ್ ಎಳೀರಿ ಅಂದಿದ್ರೆ ಏನಾಗ್ತಿತ್ತು ಅಂತ ನಾವು ಟ್ರೇನಿನಲ್ಲಿ ಬಹಳ ಹೊತ್ತು ನಕ್ವಿ.

ಕಂಪನಿಗಳಂತೆ ದೇಶಗಳಿಗೂ ತಪಾಸಣೆ ಐತಿ. ವಿಶ್ವಸಂಸ್ಥೆಯ ಐಕಾವೋ ಮಾಡ್ತದ, ಅಮೆರಿಕದ ಎಫ್ಎಎ ತನ್ನದೇ ಬೇರೆ ಮಾಡ್ತದ. 2014ರ ಜನವರಿಯಲ್ಲಿ ಎಫ್ಎಎ ನಮ್ಮ ದೇಶವನ್ನ ಎರಡನೇ ದರ್ಜೆಗೆ ಇಳಿಸ್ತು. ಅವರು ಅಂದದ್ದು ನಮ್ಮ ವಿಮಾನಗಳು ಕೆಟ್ಟವು ಅಂತ ಅಲ್ಲ. ನೋಡಿಕೊಳ್ಳೋ ನಮ್ಮ ಇಲಾಖೆ, ಅಂದ್ರೆ ಡಿಜಿಸಿಎಯಲ್ಲಿ, ತಪಾಸಣೆ ಮಾಡೋ ತರಬೇತಾದ ಜನ ಸಾಲೋದಿಲ್ಲ ಅಂತ. ಕೆಳಗಿನ ದರ್ಜೆಯಲ್ಲಿದ್ರೆ ನಮ್ಮ ಕಂಪನಿಗಳು ಅಮೆರಿಕಕ್ಕೆ ಹೊಸ ವಿಮಾನ ಹೆಚ್ಚಿಸಂಗಿಲ್ಲ. ಮರ್ಯಾದೆನೂ ಹೋಯ್ತು, ರೊಕ್ಕಾನೂ ಹೋಯ್ತು. ಹುದ್ದೆ ತುಂಬಿದ್ರು, 2015ರ ಏಪ್ರಿಲ್‌ನಲ್ಲಿ ದರ್ಜೆ ವಾಪಸ್ ಬಂತು. ಹೊರಗಿನವನು ಬಂದು ಹೇಳಿದ್ರೆ ನಮಗೆ ಸಿಟ್ಟು ಬರ್ತದ, ಕೆಲಸಾನೂ ಆಗ್ತದ. ಆದರೆ 2025ರಲ್ಲಿ ಸಂಸದೀಯ ಸಮಿತಿ ನೋಡಿದಾಗ ಡಿಜಿಸಿಎಯಲ್ಲಿ ಮತ್ತೆ ಅರ್ಧಕ್ಕಿಂತ ಹೆಚ್ಚು ಹುದ್ದೆ ಖಾಲಿ.

ಇಲ್ಲಿಗೆ ಕಾಕೂ ಪ್ರಶ್ನೆ. ತಪಾಸಣೆ ಇದ್ದೂ ಯಾಕೆ ಬೀಳ್ತಾವು?

ಐಯೋಸಾ ಪಟ್ಟಿಯಲ್ಲಿದ್ದ ಕಂಪನಿಗಳ ವಿಮಾನಗಳೂ ಬಿದ್ದಾವೆ. ನಮ್ಮ ಹತ್ತಿರದ ಉದಾಹರಣೆ ಇನ್ನೂ ಕಠಿಣ. ಮಂಗಳೂರಿನ ವರದಿಯಲ್ಲಿ ಎಲ್ಲ ಇತ್ತು: ಸಹಪೈಲಟ್ ಮಾತಿಗೆ ತೂಕ ಬರಬೇಕು, ಸ್ಥಿರವಾಗಿ ಬರದ ವಿಮಾನ ಇಳಿಸಬಾರದು. ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರ ರಾತ್ರಿ, ಮಳೆಯಲ್ಲಿ, ಕೋಯಿಕ್ಕೋಡಿನಲ್ಲಿ ಅದೇ ಕಂಪನಿ, ಅದೇ ಮಾದರಿಯ ವಿಮಾನ, ಗುಡ್ಡದ ಮೇಲಿನದೇ ರನ್‌ವೇ. ದುಬೈನಿಂದ ಬಂದದ್ದೇ. ಇಬ್ಬರು ಪೈಲಟ್‌ಗಳನ್ನೂ ಸೇರಿಸಿ 21 ಜನ ಹೋದ್ರು. ತನಿಖೆ ಏನು ಹೇಳ್ತು ಅಂದ್ರೆ, ಅರ್ಧ ರನ್‌ವೇ ಕಳೆದ ಮೇಲೆ ನೆಲ ಮುಟ್ಟಿತು, ಪಕ್ಕದ ಪೈಲಟ್ ‘ಗೋ ಅರೌಂಡ್’ ಅಂದ್ರೂ.

ಅದೇ ಶಬ್ದ, ಮತ್ತೊಂದು ಸಲ. ಜಾಲಿ ಕಂಟಿ ಇಟ್ಟಿದ್ರು, ಕಾಣಂಗೇ ಇಟ್ಟಿದ್ರು.

ಹಂಗಂದ್ರೆ ತಪಾಸಣೆ ಸುಳ್ಳಾ? ನಮ್ಮ ನಾಲ್ವರಲ್ಲಿ ಒಬ್ಬ ಹೌದು ಅಂತಾನೇ ವಾದ ಮಾಡಿದ, ಈಗಲೂ ಮಾಡ್ತಾನೆ. ಉಳಿದ ಮೂವರ ಮಾತು ಬೇರೆ. ನಿದ್ದೆಯಲ್ಲಿರೋ ಕ್ಯಾಪ್ಟನ್‌ನ ಯಾವ ತಪಾಸಕನೂ ಎಬ್ಬಿಸೋದಿಲ್ಲ, ನಿಜ. ಆದರೆ ಆ ಕ್ಯಾಪ್ಟನ್‌ಗೆ ರಾತ್ರಿ ಡ್ಯೂಟಿ ಹೆಂಗೆ ಹಾಕ್ತಾರೆ, ಎರಡನೇ ಸೀಟಿನವನು ಕಂಟ್ರೋಲ್ ತಗೊಂಡು ವಿಮಾನ ಎತ್ತಿದ್ರೆ ಮರುದಿನ ಆಫೀಸಿನಲ್ಲಿ ಬೆನ್ನು ತಟ್ಟತಾರೋ ನೋಟಿಸ್ ಕೊಡತಾರೋ, ಸಿಮ್ಯುಲೇಟರಿನಲ್ಲಿ ಅವನಿಗೆ ಅದನ್ನ ಒಂದು ಸಲವಾದರೂ ಮಾಡಿಸ್ಯಾರೋ ಇಲ್ಲೋ, ಇವನ್ನ ಕೇಳಬಹುದು. ಕಾಗದ ನೋಡಿ ಅಲ್ಲ, ಪೈಲಟ್‌ಗಳನ್ನ ಬೇರೆ ಕೂಡಿಸಿ ಕೇಳಿ. ಅದಕ್ಕೆ ಹೊರಗಿನವನೇ ಬೇಕು, ಒಳಗಿನವನಿಗೆ ಯಾರೂ ಖರೇ ಹೇಳೋದಿಲ್ಲ. 2012ರಲ್ಲಿ ನಮ್ಮ ದೇಶ ಅಪಘಾತ ತನಿಖೆಯನ್ನ ಡಿಜಿಸಿಎಯಿಂದ ತೆಗೆದು ಎಎಐಬಿ ಅಂತ ಬೇರೆ ಕಚೇರಿಗೆ ಕೊಟ್ಟಿತು. ಅಲ್ಲಿ ತನಕ ಪೇಪರ್ ತೆಗೆದವರೇ ಉತ್ತರ ತಿದ್ದುತಿದ್ರು. ತನಿಖೆಯ ಉದ್ದೇಶ ಮುಂದಿನದನ್ನ ತಡೆಯೋದು, ಯಾರ ಮೇಲೂ ತಪ್ಪು ಹೊರಿಸೋದಲ್ಲ ಅಂತ ಐಕಾವೋ ನಿಯಮದಲ್ಲೇ ಐತಿ. ನಮ್ಮ ಟಿವಿ ಚಾನೆಲ್‌ನವರಿಗೆ ಮಾತ್ರ ಇನ್ನೂ ಯಾರೂ ಹೇಳಿಲ್ಲ.

ಕಾಕೂಗೆ ನಾವು ಇಷ್ಟೆಲ್ಲ ಹೇಳಲಿಲ್ಲ. ಹುಬ್ಬಳ್ಳಿದೇ ಹೇಳಿದ್ವಿ. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ತನ್ನ ಹಾರಾಟ ಶುರು ಮಾಡಿದ್ದೇ ಬೆಂಗಳೂರು–ಹುಬ್ಬಳ್ಳಿ ವಿಮಾನದಿಂದ, ಅದು ಊರಿನ ಹಿರೇರಿಗೆ ನೆನಪೈತಿ. 2015ರ ಮಾರ್ಚ್‌ನಲ್ಲಿ ಅದೇ ನಿಲ್ದಾಣದಲ್ಲಿ ಮಳೆಯೊಳಗೆ ಸ್ಪೈಸ್‌ಜೆಟ್‌ನ ಸಣ್ಣ ವಿಮಾನ ಇಳಿದು ಬದಿಗೆ ಸರಿದು, ಒಂದು ಬದಿಯ ಚಕ್ರದ ಕಾಲು ಮುರಿದು ನಿಂತಿತ್ತು. ಒಬ್ಬರ ಜೀವಕ್ಕೂ ಅಪಾಯ ಆಗಲಿಲ್ಲ. ಆದರೂ ತನಿಖೆ ಮಾಡಿದ್ರು, ಬರೆದು ಎಲ್ಲರೂ ಓದೋ ಹಂಗೆ ಇಟ್ಟರು. “ಕಾಕೂ, ನಮ್ಮ ಕಡೆ ಕ್ರೂಸರ್ ಹೊರಳಿ ಯಾರಿಗೂ ಏನೂ ಆಗಲಿಲ್ಲ ಅಂದ್ರ ಏನ್ ಮಾಡತೀವಿ?” ಅಂತ ಕೇಳಿದ್ವಿ.

“ಕಾಯಿ ಒಡಸ್ತೀವಿ,” ಅಂದ್ರು ಕಾಕೂ. “ಮತ್ತ ಅದರಾಗ ಹೊಲಕ್ಕ ಹೋಗತೀವಿ.”

ಮೆಣಸಿನಕಾಯಿ ಬಿಡಿಸೋ ದಿನಗಳಲ್ಲಿ ಒಂದು ಗಾಡಿಯಲ್ಲಿ ಎಷ್ಟು ಹೆಣ್ಮಕ್ಕಳು ಕೂತು ಹೋಗ್ತಾರೆ ಅಂತ ಅವರಿಗೆ ಗೊತ್ತಿಲ್ಲದ್ದೇನಲ್ಲ, ಅವರೂ ಹೋಗ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಂದ್ರ ಆ ಎರಡನೇದಾವ ಹೇಳಿದ್ರ ಈಗ ಕೇಳತಾರೇನು?” ಅಂದ್ರು. ಮೊದಲಿಗಿಂತ ಹೆಚ್ಚು ಕೇಳ್ತಾರೆ, ಎಲ್ಲರೂ ಅಂತ ಹೇಳಾಕ ಬರೋದಿಲ್ಲ ಅಂದ್ವಿ. ಕಾಕೂ ಮಂಗಳೂರಿನಿಂದಲೇ ಹೋದ್ರು. ಚೀಲದಲ್ಲಿ ಅಂಟಿನುಂಡಿ, ಕೊಬ್ಬರಿ, ಬಾಣಂತಿ ಖಾರ. ಕೂಸು ಹೆಣ್ಣು.

ಸೆಮಿನಾರಿನಲ್ಲಿ ನಮ್ಮ ಮಾತು ಮುಗಿದ ಮೇಲೆ ಒಬ್ಬ ಸರ್ ಕೇಳಿದ್ರು, “ಕಂಪನಿ ತನ್ನ ಲೋಪ ಎದುರಾಳಿಗೆ ಯಾಕೆ ತೋರಿಸ್ತದ? ಅದರಿಂದ ಅದಕ್ಕೇನು ಲಾಭ?” ಒಂದು ವಿಮಾನ ಬಿದ್ದ ವಾರ ಎಲ್ಲ ಕಂಪನಿಗಳ ಟಿಕೆಟ್ಟೂ ಕ್ಯಾನ್ಸಲ್ ಆಗ್ತಾವೆ ಅಂದ್ವಿ. ಬೀಳೋ ಹೊತ್ತಿಗೆ ಕಂಪನಿ ಬೇರೆ ಬೇರೆ ಇರಬಹುದು, ಕಾಕೂ ಅಂಜೋ ಹೊತ್ತಿಗೆ ಎಲ್ಲಾ ಒಂದೇ. ಸರ್ ನಕ್ಕು, ಹತ್ತಕ್ಕೆ ಎಂಟು ಕೊಟ್ಟರು. ಡ್ರೋನ್ ಗುಂಪಿಗೆ ಒಂಬತ್ತು.

ಮಂಗಳೂರು, ಕೋಯಿಕ್ಕೋಡು, ಎರಡರ ವರದಿಯೂ ಪುಕ್ಕಟೆ ಸಿಗ್ತಾವೆ, ಯಾರ ಒಪ್ಪಿಗೆನೂ ಬೇಕಾಗಿಲ್ಲ. ಇಂಗ್ಲಿಷ್ ಸರಳ ಐತಿ, ನಮ್ಮ ಥರ್ಮೋಡೈನಾಮಿಕ್ಸ್ ಪುಸ್ತಕಕ್ಕಿಂತ ಎಷ್ಟೋ ಸರಳ. ಫೈಲ್ ದೊಡ್ಡದು, ಟ್ರೇನಿನಲ್ಲಿ ನೆಟ್‌ವರ್ಕ್ ಕುಂದಗೋಳದ ಆಚೆ ಹೋಗಿಬಿಡ್ತದ. ಬೇಕಾದವರು ಪೆನ್‌ಡ್ರೈವ್ ತಗೊಂಡು ಸಂಜೆ ಸ್ಟೇಷನ್ನಿಗೆ ಬರ್ರಿ, ಹಿಂದಿನಿಂದ ಎರಡನೇ ಬೋಗಿಯಲ್ಲಿ ಇರ್ತೀವಿ.